ಕಣ್ಣು ತೆತ್ತವರ ಪ್ರಯೋಗಶಾಲೆ

1890ರ ಮಾರ್ಚ್ ತಿಂಗಳಲ್ಲಿ ಬರ್ಲಿನ್ನಿನಲ್ಲಿ ಒಂದು ಅದ್ಧೂರಿ ಸಮಾರಂಭ ನಡೆಯಿತು. ಬೆಂಜೀನ್ ಅಣುವಿನದು ಉಂಗುರದ ರಚನೆ ಎಂದು ಆಗುಸ್ಟ್ ಕೆಕುಲೆ ಸಾರಿ 25 ವರ್ಷ ತುಂಬಿದ್ದಕ್ಕೆ ಆತನಿಗೆ ಸನ್ಮಾನ. ಹಾವೊಂದು ತನ್ನ ಬಾಲವನ್ನೇ ಕಚ್ಚಿಕೊಂಡು ಸುತ್ತುವ ಕನಸಿನ ಕಥೆಯನ್ನು ಕೆಕುಲೆ ಹೇಳಿದ್ದು ಅಲ್ಲಿಯೇ. ಆ ಕಥೆ ಪಠ್ಯಪುಸ್ತಕಗಳಿಗೆ ಹೋಯಿತು. ಅದೇ ಭಾಷಣದಲ್ಲಿ ಬಂದ ಇನ್ನೊಂದು ನೆನಪನ್ನು ಮಾತ್ರ ಹೆಚ್ಚು ಜನ ಗಮನಿಸಲಿಲ್ಲ. ಗೀಸನ್ನಿನಲ್ಲಿ ಓದುತ್ತಿದ್ದಾಗ ಗುರು ಯುಸ್ಟಸ್ ಲೀಬಿಗ್ ಆತನಿಗೊಂದು ಬುದ್ಧಿಮಾತು ಹೇಳಿದ್ದನಂತೆ: ರಸಾಯನಜ್ಞನಾಗುವ ಆಸೆಯಿದ್ದರೆ ಆರೋಗ್ಯದ ಆಸೆ ಬಿಡು, ಮೈ ಕೆಡಿಸಿಕೊಳ್ಳದವನಿಗೆ ಈ ವಿದ್ಯೆ ಒಲಿಯುವುದಿಲ್ಲ. ಕೆಕುಲೆ ಇದನ್ನು ದೂರಿನಂತೆ ಹೇಳಲಿಲ್ಲ. ಗುರುವಿನ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ, ವರ್ಷಗಟ್ಟಲೆ ರಾತ್ರಿ ಮೂರು ನಾಲ್ಕು ಗಂಟೆ ನಿದ್ದೆಯಲ್ಲೇ ಕಳೆದೆ ಎಂದು ಹೆಮ್ಮೆಪಟ್ಟುಕೊಂಡ.

ಲೀಬಿಗ್ ಹೇಳಿದ್ದು ಓದಿನ ದುಡಿಮೆಯ ಬಗ್ಗೆ, ನಿಜ. ಆದರೆ ಆತನ ಕಾಲದ ಪ್ರಯೋಗಶಾಲೆಗಳನ್ನು ನೋಡಿದರೆ ಆ ಮಾತನ್ನು ಅಕ್ಷರಶಃ ತೆಗೆದುಕೊಂಡರೂ ತಪ್ಪಿಲ್ಲ ಅನ್ನಿಸುತ್ತದೆ. ಇಂದು ವಿಶ್ವವಿದ್ಯಾಲಯದ ಯಾವುದೇ ರಸಾಯನಶಾಸ್ತ್ರ ವಿಭಾಗದ ಬಾಗಿಲಲ್ಲಿ ಕಾಣುವ ಫಲಕದಲ್ಲಿ ಕನ್ನಡಕ, ಕೋಟು, ಕೈಗವಸು, ‘ಬಾಯಲ್ಲಿ ಪಿಪೆಟ್ ಹೀರಬಾರದು’ ಎಂದೆಲ್ಲ ಬರೆದಿರುತ್ತದಲ್ಲ, ಅದರ ಒಂದೊಂದು ಸಾಲೂ ಯಾರದೋ ಕಣ್ಣು, ಬೆರಳು, ಪ್ರಾಣ ಹೋದಮೇಲೆ ಬಂದದ್ದು. ಇನ್ನೂ ಬೇಸರದ ಸಂಗತಿಯೆಂದರೆ, ಎಷ್ಟೋ ಸಲ ಪ್ರಾಣ ಹೋಗುವ ಮೊದಲೇ ಅಪಾಯ ಗೊತ್ತಿತ್ತು, ಯಾವುದೋ ಕಾಗದದಲ್ಲಿ ಅಚ್ಚೂ ಆಗಿತ್ತು.

ಲೀಬಿಗ್ 1824ರಲ್ಲಿ, 21ರ ವಯಸ್ಸಿಗೇ, ಗೀಸನ್ನಿನಲ್ಲಿ ಪ್ರಾಧ್ಯಾಪಕನಾದ. ಆತನಿಗೆ ಸಿಕ್ಕಿದ್ದು ಸೈನ್ಯದ ಕಾವಲುಗಾರರು ಬಿಟ್ಟುಹೋದ ಹಳೆಯ ಕಟ್ಟಡ. ಅಲ್ಲಿಯವರೆಗೆ ರಸಾಯನಶಾಸ್ತ್ರ ಕಲಿಯಬೇಕೆಂದರೆ ಔಷಧದಂಗಡಿಯಲ್ಲಿ ಅಪ್ರೆಂಟಿಸ್ ಆಗಬೇಕು, ಇಲ್ಲವೇ ದೊಡ್ಡ ವಿಜ್ಞಾನಿಯೊಬ್ಬನ ಖಾಸಗಿ ಕೋಣೆಯಲ್ಲಿ ಜಾಗ ಗಿಟ್ಟಿಸಬೇಕು. ಹತ್ತಾರು ವಿದ್ಯಾರ್ಥಿಗಳು ಒಂದೇ ಕೋಣೆಯಲ್ಲಿ ನಿಂತು ತಮ್ಮ ಕೈಯಾರೆ ಪ್ರಯೋಗ ಮಾಡುತ್ತ ಕಲಿಯುವ ಪದ್ಧತಿಯನ್ನು ಬೆಳೆಸಿದ್ದು ಲೀಬಿಗ್. ಇಂದು ಧಾರವಾಡದಲ್ಲಾಗಲಿ ಮೈಸೂರಿನಲ್ಲಾಗಲಿ ಬಿಎಸ್ಸಿ ಹುಡುಗ ಹುಡುಗಿಯರು ಬೆಂಚಿನ ಮುಂದೆ ಸಾಲಾಗಿ ನಿಲ್ಲುವುದು ಆ ಪದ್ಧತಿಯ ಮುಂದುವರಿಕೆಯೇ. ಅದರ ಜೊತೆಗೇ ಅಪಾಯವೂ ಸಾಮೂಹಿಕವಾಯಿತು. ಒಬ್ಬನ ಫ್ಲಾಸ್ಕಿನ ಹೊಗೆಯನ್ನು ಇಪ್ಪತ್ತು ಜನ ಕುಡಿಯಬೇಕಾಯಿತು. ಗೀಸನ್ನಿನ ಮೊದಲ ಕೋಣೆಯಲ್ಲಿ ನಡುವೆ ಒಂದು ಒಲೆ. ತೀರಾ ಕೆಟ್ಟ ಹೊಗೆ ಬರುವ ಕೆಲಸವಿದ್ದರೆ ಹೊರಗಿನ ತೆರೆದ ಕಂಬಸಾಲೆಗೆ ಎದ್ದುಹೋಗಬೇಕು. ಜರ್ಮನಿಯ ಚಳಿಗಾಲದಲ್ಲಿ ಹಾಗೆ ಎದ್ದುಹೋದವರು ಎಷ್ಟು ಜನರಿದ್ದಾರು!

ಗುರುಗಳ ಮೈಯೇ ಶಿಷ್ಯರಿಗೆ ಪಾಠದಂತಿತ್ತು. ಫ್ರಾನ್ಸಿನ ಪಿಯೇರ್ ಡುಲಾಂಗ್ 1811ರಲ್ಲಿ ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಎಣ್ಣೆಯಂಥ ಸ್ಫೋಟಕವನ್ನು ಕಂಡುಹಿಡಿದ. ಒಂದು ಕಣ್ಣನ್ನೂ ಬೆರಳುಗಳನ್ನೂ ಕಳೆದುಕೊಂಡ. ಮರುವರ್ಷ ಲಂಡನ್ನಿನಲ್ಲಿ ಹಂಫ್ರಿ ಡೇವಿ ಅದೇ ವಸ್ತುವನ್ನು ಕೈಗೆತ್ತಿಕೊಂಡು ಕಣ್ಣಿಗೆ ಗಾಯ ಮಾಡಿಕೊಂಡ. ಬರೆಯಲು ಆಗದ ಆ ದಿನಗಳಲ್ಲಿ ಅವನಿಗೆ ಬರಹದ ಕೆಲಸಕ್ಕೆ ಒಬ್ಬ ಹುಡುಗ ಬೇಕಾಯಿತು. ಹಾಗೆ ಬಂದವನು ಪುಸ್ತಕದ ಬೈಂಡಿಂಗ್ ಕೆಲಸ ಕಲಿತಿದ್ದ ಮೈಕೆಲ್ ಫ್ಯಾರಡೆ. ವಿಜ್ಞಾನದ ಅತಿ ದೊಡ್ಡ ಬದುಕುಗಳಲ್ಲೊಂದು ಶುರುವಾದದ್ದೇ ಒಂದು ಲ್ಯಾಬ್ ಅಪಘಾತದಿಂದ. ಫ್ಯಾರಡೆಯ ಕಣ್ಣಿಗೂ ಮುಂದೆ ಒಡೆದ ನಳಿಗೆಯ ಗಾಜಿನ ಚೂರುಗಳು ಸಿಡಿದವು. 1827ರಲ್ಲಿ ಪ್ರಯೋಗದ ಕೈಕೆಲಸವನ್ನು ಕುರಿತೇ ಆತ ಒಂದು ದಪ್ಪ ಪುಸ್ತಕ ಬರೆದ.

ರಾಬರ್ಟ್ ಬುನ್ಸೆನ್ ಕಥೆ ಇನ್ನೂ ವಿಚಿತ್ರ. ಆರ್ಸೆನಿಕ್ ವಿಷಕ್ಕೆ ಕಬ್ಬಿಣದ ಹೈಡ್ರೇಟೆಡ್ ಆಕ್ಸೈಡ್ ಮದ್ದು ಎಂದು ಆತ ಸಹೋದ್ಯೋಗಿಯೊಬ್ಬನ ಜೊತೆ ಸೇರಿ 1834ರಲ್ಲಿ ತೋರಿಸಿಕೊಟ್ಟಿದ್ದ. ಆಮೇಲೆ ತಾನೇ ಕಕೋಡಿಲ್ ಎಂಬ ಆರ್ಸೆನಿಕ್ ಸಂಯುಕ್ತಗಳ ಬೆನ್ನುಬಿದ್ದ. ಗಾಳಿಗೆ ಸೋಕಿದರೆ ಹೊತ್ತಿಕೊಳ್ಳುವ, ಹೊಟ್ಟೆ ತೊಳಸುವ ನಾತದ ವಸ್ತುಗಳವು. ಒಂದು ಸ್ಫೋಟದಲ್ಲಿ ಬಲಗಣ್ಣು ಹೋಯಿತು, ವಿಷವೇರಿ ಸಾವಿನ ಬಾಗಿಲಿಗೂ ಹೋಗಿಬಂದ. ಹೈಡೆಲ್‌ಬರ್ಗಿನಲ್ಲಿ ಅವನ ಹೆಸರಿನ ದೀಪ ಬಂದದ್ದು ಆಮೇಲೆ, 1855ರ ಸುಮಾರಿಗೆ, ಉಪಕರಣ ತಯಾರಕ ಪೀಟರ್ ಡೆಸಾಗನ ಕೈಯಿಂದ. ಕಾಲೇಜಿಗೆ ಕಾಲಿಟ್ಟ ಪ್ರತಿಯೊಬ್ಬರೂ ಹಚ್ಚಿದ ಬರ್ನರಿನ ಹಿಂದೆ ಒಕ್ಕಣ್ಣಿನ ಮೇಷ್ಟ್ರೊಬ್ಬರಿದ್ದಾರೆ.

ಅದೇ 1855ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್ ಸತ್ತ. ಕಲ್ಲಿದ್ದಲಿನ ಡಾಂಬರಿನಿಂದ ಬೆಂಜೀನ್ ಬೇರ್ಪಡಿಸುವ ವಿಧಾನ ಕಂಡುಹಿಡಿದಿದ್ದವನು. ಬಟ್ಟಿ ಇಳಿಸುವ ಪಾತ್ರೆ ಉಕ್ಕಿ ಬೆಂಕಿ ಹತ್ತಿದಾಗ, ಕಟ್ಟಡ ಉಳಿಯಲೆಂದು ಉರಿಯುವ ಪಾತ್ರೆಯನ್ನು ಎತ್ತಿ ಹೊರಗೆ ಒಯ್ಯಲು ಹೋದ. ವಯಸ್ಸು 35.

ಇವರೆಲ್ಲ ಸಿಡಿತಕ್ಕೂ ಬೆಂಕಿಗೂ ಸಿಕ್ಕವರು. ಸದ್ದಿಲ್ಲದೆ ಕೊಲ್ಲುವುದು ಉಸಿರಿನದೂ ಬಾಯಿಯದೂ ದಾರಿ. ಸ್ವೀಡನ್ನಿನ ಕಾರ್ಲ್ ಶೀಲೆ ಹೊಸ ವಸ್ತು ಸಿಕ್ಕರೆ ಮೂಸಿ, ನಾಲಗೆಗೆ ಹಚ್ಚಿ ನೋಡುತ್ತಿದ್ದ. ಹೈಡ್ರೋಜನ್ ಸಯನೈಡನ್ನು ಮೊದಲು ತಯಾರಿಸಿದ ಆತ ಅದರ ವಾಸನೆ, ರುಚಿಗಳನ್ನೂ ಬರೆದಿಟ್ಟ. ಸತ್ತಾಗ 43 ವರ್ಷ. ರುಚಿ ನೋಡುವುದು ಆಗ ಹುಚ್ಚುತನವಾಗಿರಲಿಲ್ಲ. ಬಣ್ಣ, ವಾಸನೆಗಳಂತೆ ರುಚಿಯೂ ವಸ್ತುವನ್ನು ಗುರುತಿಸುವ ಒಂದು ಸಾಧನ. ನಾಲಗೆಯ ಪರೀಕ್ಷೆ ನಿಂತರೂ ಬಾಯಿಯ ಕೆಲಸ ನಿಲ್ಲಲಿಲ್ಲ. ಪಿಪೆಟ್ಟಿನ ತುದಿಯನ್ನು ತುಟಿಗಿಟ್ಟು ಹೀರಿ, ದ್ರವ ಗುರುತಿಗಿಂತ ಮೇಲೇರುತ್ತಿದ್ದಂತೆ ಬಾಯಿ ತೆಗೆದು ಬೆರಳಿನಿಂದ ಮುಚ್ಚುವುದು, ಕಣ್ಣಳತೆಗೆ ಹಿಡಿದು ಹನಿಹನಿಯಾಗಿ ಇಳಿಸುವುದು: ಟೈಟ್ರೇಶನ್ ಕಲಿತವರ ಕೈಚಳಕವೆಂದರೆ ಇದೇ ಆಗಿತ್ತು. ಸೋಡಾದ ನೀರು, ಆಕ್ಸಾಲಿಕ್ ಆಮ್ಲ ಬಾಯಿಗೆ ಬಂದರೆ ಉಗಿದು, ಬಾಯಿ ಮುಕ್ಕಳಿಸಿ ಮತ್ತೆ ಹೀರುವುದು. ನಮ್ಮ ಕಾಲೇಜುಗಳಲ್ಲೂ ಇದು ಬಹುಕಾಲ ನಡೆದುಬಂದ ರೂಢಿ.

ಇದಕ್ಕೊಂದು ಕೊನೆ ಕಾಣಿಸಿದ್ದು ಜರ್ಮನಿಯ ಮಾರ್ಬುರ್ಗ್ ವಿಶ್ವವಿದ್ಯಾಲಯದಲ್ಲಿ. ಹೈನ್ರಿಶ್ ಶ್ನಿಟ್ಗರ್ ಎಂಬ ಯುವ ಸಂಶೋಧಕನಿಗೆ ದಿನವಿಡೀ ಸಣ್ಣ ಸಣ್ಣ ಪ್ರಮಾಣದ ದ್ರವಗಳನ್ನು ಬಾಯಿಂದ ಹೀರಿ ಅಳೆಯುವ ಕೆಲಸ ಸಾಕುಸಾಕಾಗಿ, ಒಳಗೆ ಸ್ಪ್ರಿಂಗ್ ಇರುವ ಕೊಳವೆಯೊಂದನ್ನು ತಾನೇ ಜೋಡಿಸಿದ. 1957ರಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಅಳತೆಯಷ್ಟೇ ದ್ರವ ಮೇಲೇರುವ ಆ ಮೈಕ್ರೋಪಿಪೆಟ್ ಇಲ್ಲದ ಜೈವಿಕ ಪ್ರಯೋಗಾಲಯ ಈಗ ಇಲ್ಲ. ಮಜವೆಂದರೆ, ಆತನನ್ನು ಕೆರಳಿಸಿದ್ದು ಅಪಾಯಕ್ಕಿಂತ ಹೆಚ್ಚಾಗಿ ಬೇಸರ. ಸುರಕ್ಷತೆ ಬಿಟ್ಟಿಯಾಗಿ ಬಂತು.

ಇನ್ನು ಉಸಿರಿನ ವಿಷಯ. ಲೀಬಿಗ್ ಬಳಿ ಸಹಾಯಕನಾಗಿ ಸೇರಲಿದ್ದ ರೆಮಿಗಿಯುಸ್ ಫ್ರೆಸೆನಿಯುಸ್ 1841ರಲ್ಲಿ ಗುಣಾತ್ಮಕ ವಿಶ್ಲೇಷಣೆಯ ಕೈಪಿಡಿಯೊಂದನ್ನು ಪ್ರಕಟಿಸಿದ. ಲೋಹಗಳನ್ನು ಗುಂಪುಗುಂಪಾಗಿ ಬೇರ್ಪಡಿಸುವ ಆ ಕ್ರಮದ ಜೀವಾಳ ಹೈಡ್ರೋಜನ್ ಸಲ್ಫೈಡ್ ಅನಿಲ. 1844ರಲ್ಲಿ ಡೆಲ್ಫ್ಟ್ ನಗರದ ಔಷಧ ವ್ಯಾಪಾರಿ ಪೆಟ್ರುಸ್ ಕಿಪ್, ಬೇಕೆಂದಾಗ ಈ ಅನಿಲ ಕೊಡುವ ಮೂರು ಬುಡ್ಡಿಗಳ ಗಾಜಿನ ಯಂತ್ರ ಮಾಡಿದ. ಸಾಲ್ಟ್ ಅನಾಲಿಸಿಸ್ ಮಾಡಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಕಿಪ್ಸ್ ಅಪರೇಟಸ್ ಎಂದರೆ ಸಾಕು, ಕೊಳೆತ ಮೊಟ್ಟೆಯ ನಾತ ಮೂಗಿಗೆ ಬರುತ್ತದೆ. ಈ ಅನಿಲದ ಮೋಸ ಇರುವುದು ಆ ನಾತದಲ್ಲೇ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಒಂದು ಭಾಗಕ್ಕಿಂತ ಕಡಿಮೆಯಿದ್ದರೂ ಮೂಗು ಪತ್ತೆಹಚ್ಚುತ್ತದೆ. ನೂರರ ಆಸುಪಾಸಿಗೆ ಏರಿದರೆ ಮೂಗಿನ ನರವೇ ಸೋತು ವಾಸನೆ ಮಾಯವಾಗುತ್ತದೆ. ನಾತ ಹೋಯಿತು, ಅನಿಲ ಖಾಲಿಯಾಯಿತು ಎಂದುಕೊಂಡವನು ಅಪಾಯದ ಒಳಗೇ ನಿಂತಿರುತ್ತಾನೆ.

ಹೊಗೆಯನ್ನು ಹೊರಗೆ ಕಳಿಸುವ ಗಾಜಿನ ಗೂಡು, ಅಂದರೆ ಫ್ಯೂಮ್ ಹುಡ್, ಮೊದಲು ಒಲೆಯ ಚಿಮಣಿಯ ತಮ್ಮನಂತಿತ್ತು. ಬಿಸಿಗಾಳಿ ಮೇಲೇರುವಾಗ ಹೊಗೆಯನ್ನೂ ಎಳೆದುಕೊಂಡು ಹೋಗಲಿ ಎಂಬುದಷ್ಟೇ ಎಣಿಕೆ. 1839ರಲ್ಲಿ ವಿಸ್ತರಿಸಿದ ಗೀಸನ್ನಿನ ಹೊಸ ಲ್ಯಾಬಿನಲ್ಲಿ ಗಾಜಿನ ಬಾಗಿಲಿನ ಗೂಡುಗಳಿದ್ದವು. ಮುಂದೆ ಫ್ಯಾನು ಬಂತು, ಮೇಲೆ ಕೆಳಗೆ ಸರಿಯುವ ಗಾಜು ಬಂತು. ಗೂಡಿನ ಬಾಯಲ್ಲಿ ಗಾಳಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಒಳಗೆ ಹರಿಯಬೇಕೆಂಬ ಲೆಕ್ಕ ಇಪ್ಪತ್ತನೆಯ ಶತಮಾನದ್ದು. ಆ ಲೆಕ್ಕ ಫಲಿಸಬೇಕಾದರೆ ಗಾಜು ಕೆಳಗಿಳಿದಿರಬೇಕು, ಒಳಗೆ ಬಾಟಲಿಗಳ ಗೋದಾಮು ಇರಬಾರದು. ಎಷ್ಟು ವಿಭಾಗಗಳ ಹುಡ್‌ಗಳು ಅಟ್ಟಕ್ಕೆ ಬದಲಿಯಾಗಿವೆ ಎಂಬುದನ್ನು ಅಲ್ಲಿಯ ಅಟೆಂಡರುಗಳನ್ನು ಕೇಳಬೇಕು.

ಬಣ್ಣವೂ ಇಲ್ಲದ, ವಾಸನೆಯೂ ಇಲ್ಲದ ವಿಷದ ಕಥೆಯನ್ನು ಹೇಳಿದವನು ಆಲ್‌ಫ್ರೆಡ್ ಸ್ಟಾಕ್. ಬೋರಾನಿನ ಹೈಡ್ರೈಡ್‌ಗಳನ್ನು ಅಭ್ಯಸಿಸುತ್ತಿದ್ದ ಈ ಜರ್ಮನ್ ರಸಾಯನಜ್ಞನಿಗೆ ಪಾದರಸ ತುಂಬಿದ ಪಂಪು, ಕವಾಟಗಳೇ ನಿತ್ಯದ ಸಂಗಾತಿಗಳು. ವರ್ಷಗಟ್ಟಲೆ ತಲೆನೋವು, ತಲೆಸುತ್ತು, ಮರೆವು. ನಿನ್ನೆ ಓದಿದ್ದು ಇಂದು ನೆನಪಿಲ್ಲ, ಉಪನ್ಯಾಸ ಕೊಡುವಾಗ ಹೆಸರುಗಳು ಕೈಕೊಡುತ್ತವೆ. ವೈದ್ಯರಿಗೆ ಕಾರಣ ತಿಳಿಯಲಿಲ್ಲ. ಜೊತೆಗೆ ದುಡಿಯುವವರಲ್ಲೂ ಅದೇ ತೊಂದರೆಗಳು ಕಂಡಮೇಲೆ, 1924ರ ಹೊತ್ತಿಗೆ, ನೆಲದ ಸಂದುಗಳಲ್ಲಿ ಸೇರಿದ್ದ ಪಾದರಸದ ಆವಿಯೇ ಇದಕ್ಕೆ ಮೂಲ ಎಂದು ಗೊತ್ತಾಯಿತು. ಸ್ಟಾಕ್ ನಾಚಿಕೆಯಿಂದ ಮುಚ್ಚಿಡಲಿಲ್ಲ. 1926ರಲ್ಲಿ ತನ್ನ ಕಾಯಿಲೆಯ ಒಂದೊಂದು ಲಕ್ಷಣವನ್ನೂ ಬಿಡಿಸಿ ಬರೆದು ಪ್ರಕಟಿಸಿದ. ಅತ್ಯಲ್ಪ ಪಾದರಸವನ್ನೂ ಪತ್ತೆಹಚ್ಚುವ ವಿಧಾನಗಳನ್ನು ರೂಪಿಸಿದ. ಗಾಯವನ್ನು ಪದಕದಂತೆ ಧರಿಸುವ ಗೀಸನ್ನಿನ ಪರಂಪರೆಯಲ್ಲಿ ಬಂದವನೊಬ್ಬ, ನನ್ನ ಬುದ್ಧಿಯೇ ಮಂಕಾಯಿತು ಎಂದು ಅಚ್ಚಿನಲ್ಲಿ ಹೇಳಿಕೊಂಡದ್ದು ಸಣ್ಣ ಸಂಗತಿಯಲ್ಲ. ಈ ಇತಿಹಾಸದಲ್ಲಿ ನಿಜವಾದ ತಿರುವು ಎನ್ನಬಹುದಾದದ್ದು ಹುಡ್ಡೂ ಅಲ್ಲ, ಗವಸೂ ಅಲ್ಲ, ಆ ಲೇಖನ.

ಕಣ್ಣಿನ ಪಾಠ ಮಾತ್ರ ಮತ್ತೆ ಮತ್ತೆ ಆಗಬೇಕಾಯಿತು. 1970ರಲ್ಲಿ ಅಮೆರಿಕದ ಎಂಐಟಿಗೆ ಹೊಸದಾಗಿ ಸೇರಿದ್ದ ಸಹಾಯಕ ಪ್ರಾಧ್ಯಾಪಕ ಬ್ಯಾರಿ ಶಾರ್ಪ್‌ಲೆಸ್ ಸರಿರಾತ್ರಿ ಕಳೆದಮೇಲೆ ಮನೆಗೆ ಹೊರಟಿದ್ದರು. ಕೆಲಸ ಮುಗಿಯಿತಲ್ಲ, ಸುರಕ್ಷತಾ ಕನ್ನಡಕ ತೆಗೆದಿಟ್ಟರು. ಬಾಗಿಲ ಕಡೆ ಹೋಗುವಾಗ ವಿದ್ಯಾರ್ಥಿಯೊಬ್ಬ ಗಾಜಿನ ಸಣ್ಣ ಎನ್‌ಎಂಆರ್ ನಳಿಕೆಯೊಂದನ್ನು ಬೆಂಕಿಯಲ್ಲಿ ಕರಗಿಸಿ ಬಾಯಿ ಮುಚ್ಚುತ್ತಿರುವುದು ಕಂಡು ಅಲ್ಲೇ ನಿಂತರು. ದ್ರವ ಸಾರಜನಕದ ತಣ್ಣಗಿನಲ್ಲಿ ನಳಿಕೆಯ ಒಳಗೆ ಆಮ್ಲಜನಕ ದ್ರವವಾಗಿ ಇಳಿದಿತ್ತು. ಬೆಳಕಿಗೆ ಹಿಡಿದು ನೋಡುವಷ್ಟರಲ್ಲಿ ಅದು ಕುದಿದು ನಳಿಕೆ ಸಿಡಿಯಿತು. ಒಂದು ಕಣ್ಣಿನ ದೃಷ್ಟಿ ಹೋಯಿತು. ಶಾರ್ಪ್‌ಲೆಸ್ ಮುಂದೆ 2001ರಲ್ಲಿ, ಮತ್ತೆ 2022ರಲ್ಲಿ ನೊಬೆಲ್ ಪಡೆದರು. ಅಪಘಾತವಾಗಿ ಎರಡು ದಶಕ ಕಳೆದಮೇಲೆ ಎಂಐಟಿಯ ಪತ್ರಿಕೆಯಲ್ಲಿ ಅದನ್ನು ವಿವರವಾಗಿ ಬರೆದು, ಲ್ಯಾಬಿನಲ್ಲಿರುವಷ್ಟು ಹೊತ್ತೂ ಕನ್ನಡಕ ಹಾಕದಿರಲು ಯಾವ ನೆಪವೂ ನಡೆಯದು ಎಂದರು. ಅವರು ಆಗ ಪ್ರಯೋಗ ಮಾಡುತ್ತಿರಲಿಲ್ಲ, ಸುಮ್ಮನೆ ದಾಟಿಹೋಗುತ್ತಿದ್ದರು ಎಂಬುದೇ ಇಲ್ಲಿಯ ಮುಖ್ಯ ಅಂಶ.

ನಿಯಮಗಳನ್ನೆಲ್ಲ ಪಾಲಿಸಿದವರೂ ಸತ್ತಿದ್ದಾರೆ. ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್ ವಿಷಲೋಹಗಳು ದೇಹದಲ್ಲಿ ಏನು ಮಾಡುತ್ತವೆ ಎಂಬುದರಲ್ಲೇ ಪರಿಣತರು. 1996ರ ಆಗಸ್ಟ್ 14ರಂದು ಫ್ಯೂಮ್ ಹುಡ್ಡಿನಲ್ಲಿ, ಗವಸು ತೊಟ್ಟು, ಡೈಮಿಥೈಲ್ ಮರ್ಕ್ಯುರಿಯನ್ನು ಒಂದು ನಳಿಕೆಗೆ ಹಾಕುವಾಗ ಒಂದೆರಡು ಹನಿ ಲೇಟೆಕ್ಸ್ ಗವಸಿನ ಮೇಲೆ ಬಿತ್ತು. ಗವಸು ಕಳಚಿ ಕೈ ತೊಳೆದರು. ಮುಂದಿನ ಜನವರಿಯಲ್ಲಿ ನಡೆಯುವಾಗ ತೂರಾಡತೊಡಗಿದರು, ಮಾತು ತೊದಲಿತು. ರಕ್ತದಲ್ಲಿ ಲೀಟರಿಗೆ 4000 ಮೈಕ್ರೋಗ್ರಾಂ ಪಾದರಸ. 200 ದಾಟಿದರೇ ವಿಷವೆಂದು ಲೆಕ್ಕ. 1997ರ ಜೂನ್ 8ರಂದು, 48ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಹೋದ್ಯೋಗಿಗಳು ಆ ಗವಸನ್ನು ಪರೀಕ್ಷೆಗೆ ಕಳಿಸಿದಾಗ ದ್ರವ 15 ಸೆಕೆಂಡಿನೊಳಗೆ ಅದನ್ನು ದಾಟುತ್ತದೆಂದು ತಿಳಿಯಿತು. ಅಲ್ಲಿಯವರೆಗೆ ಎಷ್ಟೋ ಲ್ಯಾಬುಗಳಲ್ಲಿ ಗವಸು ಎಂದರೆ ಗವಸು. ಯಾವ ರಾಸಾಯನಿಕಕ್ಕೆ ಯಾವ ಗವಸು ಎಂಬ ಕೋಷ್ಟಕಗಳಿಗೆ ಅಲ್ಲಿ ಗೋಡೆಯ ಮೇಲೆ ಜಾಗ ಸಿಕ್ಕಿದ್ದು ಹೆಚ್ಚಾಗಿ ಈ ಸಾವಿನ ನಂತರ.

ಆದರೆ ಈ ದ್ರವದ ಗುಣ ಹೊಸದಾಗಿತ್ತೇ? 1860ರ ದಶಕದಲ್ಲೇ, ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ, ಇದೇ ಸಂಯುಕ್ತ ತಯಾರಿಸುತ್ತಿದ್ದ ಇಬ್ಬರು ಹೀಗೆಯೇ ಮಾತು, ನಡೆ ಕಳೆದುಕೊಂಡು ಸತ್ತಿದ್ದರು. ಆ ವರದಿ ಅಚ್ಚಾಗಿ 130 ವರ್ಷವಾಗಿತ್ತು.

ಕಾನೂನಿನ ಕಥೆಗೆ ಬೇರೆಯದೇ ಜಾಡು. ಕಾರ್ಖಾನೆಯಲ್ಲಿ ಕೂಲಿಯ ಕೈ ಸುಟ್ಟರೆ ಇನ್‌ಸ್ಪೆಕ್ಟರ್ ಬರುತ್ತಾನೆ. ವಿಶ್ವವಿದ್ಯಾಲಯ ವಿದ್ಯಾಮಂದಿರ, ಅಲ್ಲಿಗೆ ಯಾರು ಬರುತ್ತಾರೆ? ಅಮೆರಿಕದಲ್ಲಿ ಲ್ಯಾಬುಗಳಿಗೆಂದೇ ಪ್ರತ್ಯೇಕ ನಿಯಮ ಬಂದದ್ದು 1990ರಲ್ಲಿ. ಅದೂ ಸಂಬಳ ಪಡೆಯುವ ನೌಕರರನ್ನು ಕಾಯುತ್ತದೆ, ಫೀಸು ಕಟ್ಟುವ ವಿದ್ಯಾರ್ಥಿಯನ್ನಲ್ಲ. ಈ ಸಣ್ಣ ವ್ಯತ್ಯಾಸವೇ ಮುಂದೆ ದೊಡ್ಡ ಪ್ರಕರಣವೊಂದನ್ನು ಸಾಧ್ಯವಾಗಿಸಿತು. 2008ರ ಡಿಸೆಂಬರ್ 29ರಂದು, ಕ್ರಿಸ್‌ಮಸ್ ರಜೆಯ ನಡುವೆ, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯೊಬ್ಬಳು ಟರ್ಷಿಯರಿ ಬ್ಯುಟೈಲ್ ಲಿಥಿಯಮ್ ದ್ರಾವಣವನ್ನು ಪ್ಲಾಸ್ಟಿಕ್ ಸಿರಿಂಜಿನಲ್ಲಿ ಎಳೆಯುತ್ತಿದ್ದಳು. ಗಾಳಿ ತಾಗಿದರೆ ಸಾಕು, ಹೊತ್ತಿಕೊಳ್ಳುವ ದ್ರವ. ಸಿರಿಂಜಿನ ದಂಡ ಕಿತ್ತುಬಂತು. ಅವಳು ತೊಟ್ಟಿದ್ದು ಸಿಂಥೆಟಿಕ್ ಸ್ವೆಟರ್. ಮೇಲೆ ಲ್ಯಾಬ್ ಕೋಟ್ ಇರಲಿಲ್ಲ. ತುರ್ತು ಷವರ್ ಅಲ್ಲೇ ಇದ್ದರೂ ಗಾಬರಿಯಲ್ಲಿ ಅದರ ಕೆಳಗೆ ನಿಲ್ಲಲಾಗಲಿಲ್ಲ. ಹದಿನೆಂಟು ದಿನ ಕಷ್ಟಪಟ್ಟು ಆಸ್ಪತ್ರೆಯಲ್ಲಿ ಸತ್ತಳು.

ಎರಡು ತಿಂಗಳ ಹಿಂದೆಯಷ್ಟೇ ಸುರಕ್ಷತಾ ತಪಾಸಣೆ ನಡೆದು, ಆ ಲ್ಯಾಬಿನಲ್ಲಿ ಕೋಟು ಹಾಕುತ್ತಿಲ್ಲ ಎಂದು ಟಿಪ್ಪಣಿಯಾಗಿತ್ತು. ಅವಳು ವಿದ್ಯಾರ್ಥಿನಿಯಾಗಿರದೆ ಸಂಬಳದ ನೌಕರಳಾಗಿದ್ದರಿಂದ ಕಾರ್ಮಿಕ ಇಲಾಖೆಗೆ ಒಳಗೆ ಬರಲು ದಾರಿಯಾಯಿತು. 31,875 ಡಾಲರ್ ದಂಡ ಬಿತ್ತು. 2011ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮೇಲೂ ಆ ಲ್ಯಾಬಿನ ಪ್ರಾಧ್ಯಾಪಕರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. ಲ್ಯಾಬ್ ಅಪಘಾತಕ್ಕೆ ಪ್ರಾಧ್ಯಾಪಕನೊಬ್ಬ ಕಟಕಟೆ ಹತ್ತಬೇಕಾಗಿ ಬಂದದ್ದು ಅಮೆರಿಕದ ವಿದ್ಯಾಲೋಕ ಕಂಡರಿಯದ ಸಂಗತಿ. ಮಂಡಳಿ 5 ಲಕ್ಷ ಡಾಲರಿನ ವಿದ್ಯಾರ್ಥಿವೇತನಕ್ಕೆ ಒಪ್ಪಿ ಹೊರಬಂತು. ಪ್ರಾಧ್ಯಾಪಕರು 2014ರಲ್ಲಿ ಸುಟ್ಟಗಾಯದ ಚಿಕಿತ್ಸಾ ಕೇಂದ್ರಕ್ಕೆ 10,000 ಡಾಲರ್ ಕೊಟ್ಟು, 800 ಗಂಟೆ ಸಮುದಾಯ ಸೇವೆ ಮಾಡಲು ಒಪ್ಪಿಕೊಂಡರು. ಹಲವರಿಗೆ ಇದು ತೀರಾ ಕಡಿಮೆಯೆನಿಸಿತು. ಆದರೂ ದೇಶದುದ್ದಕ್ಕೂ ವಿಭಾಗದ ಮುಖ್ಯಸ್ಥರು ಕೋಟುಗಳಿಗೆ ಆರ್ಡರ್ ಹಾಕತೊಡಗಿದ್ದು ದಂಡದ ಭಯದಿಂದಲ್ಲ, ಈ ಮೊಕದ್ದಮೆಯ ಭಯದಿಂದ.

2010ರ ಜನವರಿಯಲ್ಲಿ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಘಟನೆ. 100 ಮಿಲಿಗ್ರಾಂಗಿಂತ ಹೆಚ್ಚು ಮಾಡಬಾರದೆಂದು ಬಾಯಿಮಾತಿನಲ್ಲಿ ಹೇಳಿದ್ದ ಸ್ಫೋಟಕವನ್ನು 10 ಗ್ರಾಂನಷ್ಟು ತಯಾರಿಸಿ ಖಲ್ಲಿನಲ್ಲಿ ಅರೆಯುತ್ತಿದ್ದ ವಿದ್ಯಾರ್ಥಿ ಮೂರು ಬೆರಳು ಕಳೆದುಕೊಂಡ. ಕನ್ನಡಕ ಹಾಕಿಕೊಂಡೇ ಅರೆದಿದ್ದ. ಮುಗಿಯಿತೆಂದು ತೆಗೆದಿಟ್ಟು, ಮತ್ತೊಮ್ಮೆ ಕಲಕಲು ಬಂದಾಗ ಸಿಡಿಯಿತು. ನಲವತ್ತು ವರ್ಷದ ಹಿಂದೆ ಶಾರ್ಪ್‌ಲೆಸ್ ಕೂಡ ಮುಗಿಯಿತೆಂದೇ ತೆಗೆದಿಟ್ಟಿದ್ದರು.

ಇದೆಲ್ಲ ಹೊರದೇಶಗಳ ಕಥೆಯಷ್ಟೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ ಸ್ವತಃ ಅನಿಲಗಳ ರಸಾಯನಜ್ಞ. ವಿಲಿಯಂ ರಾಮ್ಸೆ ಜೊತೆ 1898ರಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಬೇರ್ಪಡಿಸಿದವರು. 1911ರಲ್ಲಿ ಅಲ್ಲಿ ಪಾಠ ಶುರುವಾದಾಗ ಮೊದಲು ತೆರೆದ ವಿಭಾಗಗಳಲ್ಲಿ ರಸಾಯನಶಾಸ್ತ್ರದವೂ ಸೇರಿದ್ದವು. ಅಂಥ ಸಂಸ್ಥೆಯಲ್ಲಿ 2018ರ ಡಿಸೆಂಬರ್ 5ರಂದು ಅನಿಲದ ಸಿಲಿಂಡರೇ ಸಿಡಿಯಿತು. ರಸಾಯನಶಾಸ್ತ್ರದ ಲ್ಯಾಬ್ ಅಲ್ಲ, ಏರೋಸ್ಪೇಸ್ ವಿಭಾಗದ ಆಘಾತ ತರಂಗಗಳ ಪ್ರಯೋಗಾಲಯ, ಸಿಡಿದದ್ದು ಹೈಡ್ರೋಜನ್. ಒಬ್ಬ ಯುವ ಸಂಶೋಧಕ ಸತ್ತು, ಮೂವರು ಗಾಯಗೊಂಡರು. ಹೈಡ್ರೋಜನ್ ಇದು ಯಾವ ವಿಭಾಗ ಎಂದು ಕೇಳುವುದಿಲ್ಲ.

ಭಾರತದ ವಿಶ್ವವಿದ್ಯಾಲಯಗಳ ಪಾಲಿಗೆ ಅತ್ಯಂತ ಕಹಿಯಾದ ಪ್ರಕರಣದಲ್ಲಿ ಮಾತ್ರ ಸ್ಫೋಟವೂ ಇಲ್ಲ, ವಿದ್ಯಾರ್ಥಿಯೂ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೆನಡಾದಿಂದ ತರಿಸಿದ ಗಾಮಾ ವಿಕಿರಣ ಯಂತ್ರವೊಂದಿತ್ತು; ಸೀಸದ ದಪ್ಪ ಕವಚ, ಒಳಗೆ ಕೋಬಾಲ್ಟ್-60ರ ಕಡ್ಡಿಗಳು. 1985ರಿಂದ ಯಾರೂ ಮುಟ್ಟದೆ ಮೂಲೆ ಸೇರಿತ್ತು. ಕೋಬಾಲ್ಟ್-60 ಸುಮಾರು ಐದೂಕಾಲು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಇಪ್ಪತ್ತೈದು ವರ್ಷದಲ್ಲಿ ಇಪ್ಪತ್ತೇಳರಲ್ಲೊಂದು ಪಾಲಿನಷ್ಟು ಉಳಿದಿದ್ದೀತು. ಅದೂ ಸಾಕಿತ್ತು. 2010ರ ಫೆಬ್ರವರಿಯಲ್ಲಿ ಹಳೆಯ ಸಾಮಾನುಗಳ ಹರಾಜಿನಲ್ಲಿ ಯಂತ್ರ ಗುಜರಿಗೆ ಹೋಯಿತು. ಪಶ್ಚಿಮ ದೆಹಲಿಯ ಮಾಯಾಪುರಿಯಲ್ಲಿ ಗುಜರಿಯವರು ಸೀಸಕ್ಕಾಗಿ ಅದನ್ನು ಬಿಚ್ಚಿದರು. ಹೊಳೆಯುವ ಲೋಹದ ತುಣುಕೊಂದನ್ನು ಒಬ್ಬ ತನ್ನ ಪರ್ಸಿನಲ್ಲಿಟ್ಟುಕೊಂಡ. ಚರ್ಮ ಕಪ್ಪಿಟ್ಟು, ಕೂದಲು ಉದುರತೊಡಗಿದವರು ಆಸ್ಪತ್ರೆ ಸೇರಿದಮೇಲೆ, ಏಪ್ರಿಲ್ ಮೊದಲ ವಾರದಲ್ಲಿ, ವೈದ್ಯರಿಗೆ ಸಂಶಯ ಬಂತು. ಆ ತಿಂಗಳ ಕೊನೆಗೆ ಒಬ್ಬ ಕಾರ್ಮಿಕ ಸತ್ತ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವಿಶ್ವವಿದ್ಯಾಲಯದಲ್ಲಿ ವಿಕಿರಣ ಆಕರಗಳ ಬಳಕೆಯನ್ನೇ ತಡೆಹಿಡಿಯಿತು. ಅಂಗಡಿಗಳ ಕಸದ ರಾಶಿಯಿಂದ ಆಯ್ದುತೆಗೆದ ಕೋಬಾಲ್ಟ್ ಚೂರುಗಳು ಸೀಸದ ಪೆಟ್ಟಿಗೆಗಳಲ್ಲಿ ನರೋರಾ ಅಣುಸ್ಥಾವರಕ್ಕೆ ಹೋದವು.